ಎಣ್ಣೆಡಬ್ಬಿಯ ಕಾರಿಗೆ ಬಣ್ಣ ಹುಡುಕಿದ್ದು

ಆ ವರ್ಷ ಮಳೆಗಾಲ ಪೂರ್ತಿ ನಮ್ಮ ಅಂಗಳದಲ್ಲಿ ಒಂದು ಕಾರು ಬಣ್ಣಕ್ಕಾಗಿ ಕಾಯುತ್ತ ನಿಂತಿತ್ತು. ಕಾರು ಎಂದರೆ ಪೂರಾ ಕಾರಲ್ಲ. ಒಬ್ಬರು ಕಾಲು ಚಾಚಿ ಕೂರುವಷ್ಟು ಜಾಗ, ಹಳೇ ಮೊಪೆಡ್ಡಿನ ಎಂಜಿನ್ನು, ಮೊಪೆಡ್ಡುಗಳದ್ದೇ ತಂತಿಕಡ್ಡಿಯ ಚಕ್ರಗಳು. ಅದನ್ನು ನನ್ನ ತಮ್ಮ ಗೋ-ಕಾರ್ಟ್ ಎನ್ನುತ್ತಿದ್ದ, ನನ್ನ ಗಂಡ ರೇಸಿನ ಗಾಡಿ ಎನ್ನುತ್ತಿದ್ದರು. ನಮ್ಮ ಅತ್ತೆ ಮಾತ್ರ ಮೊದಲಿಂದಲೂ ಡಬ್ಬಿ ಎಂದೇ ಕರೆಯುತ್ತಿದ್ದರು. ಸುಳ್ಳೇನಲ್ಲ. ಅದರ ಮೈ ಅಷ್ಟೂ ಅಂಕೋಲೆ ಪೇಟೆಯ ಹೋಟೆಲುಗಳಿಂದ ತಂದ ಎಣ್ಣೆಡಬ್ಬಿಗಳನ್ನು ಬಿಚ್ಚಿ, ಬಡಿದು, ರಿವೆಟ್ ಹೊಡೆದು ಮಾಡಿದ್ದಾಗಿತ್ತು.

ತೊಂಬತ್ತರ ದಶಕದ ಆರಂಭದ ಮಾತು. ನಾನು ಚಿತ್ತಾಕುಲದಲ್ಲಿ ಹುಟ್ಟಿ ಬೆಳೆದವಳು, ಮದುವೆಯಾಗಿ ಕಾಳಿ ಹೊಳೆ ದಾಟಿ ಅಂಕೋಲೆ ಕಡೆಗೆ ಬಂದೆ. ಬೇಲೆಕೇರಿಗೆ ಹೋಗುವ ರಸ್ತೆಯ ಬದಿಗೆ ನಮ್ಮ ಮನೆ. ಹಿಂದೆ ಒಂದಿಷ್ಟು ಗದ್ದೆ, ಮುಂದೆ ಅಗಲವಾದ ಅಂಗಳ. ಗಂಡ ಹೆದ್ದಾರಿಯ ಮೇಲಿನ ಒಂದು ಗ್ಯಾರೇಜಿನಲ್ಲಿ ಟಿಂಕರಿಂಗ್ ಕೆಲಸ ಮಾಡುತ್ತಿದ್ದರು. ಗುದ್ದಿಸಿಕೊಂಡು ಬಂದ ಲಾರಿ, ಜೀಪುಗಳ ನೆಗ್ಗು ತೆಗೆದು ಮೈ ನೇರ ಮಾಡುವುದು ಅವರ ಕಸುಬು. ನಾನು ಜಗಲಿಯ ಕಿಟಕಿ ಪಕ್ಕ ಹೊಲಿಗೆ ಮಿಶಿನ್ ಇಟ್ಟುಕೊಂಡು ಊರ ಹೆಂಗಸರ ಪೋಲಕಾ ಹೊಲಿಯುತ್ತಿದ್ದೆ. ತಮ್ಮನಿಗೆ ಮಲ್ಲಾಪುರದಲ್ಲಿ ನಕ್ಷೆ ಬಿಡಿಸುವ ನೌಕರಿ. ಇನ್ನೂ ಮದುವೆಯಾಗಿರಲಿಲ್ಲ. ಶನಿವಾರ ಸಂಜೆ ಕಾರವಾರದಲ್ಲಿ ಬಸ್ಸಿಳಿದು ಚಿತ್ತಾಕುಲಕ್ಕೆ, ಅಮ್ಮನ ಹತ್ತಿರ ಹೋಗಬೇಕಾದವನು ನೇರ ಅಂಕೋಲೆ ಬಸ್ಸು ಹತ್ತುತ್ತಿದ್ದ. ಅಳಿಯ ಏನೋ ಮಾಟ ಮಾಡಿದ್ದಾನೆ ಎಂದು ಅಮ್ಮ ನನ್ನ ಹತ್ತಿರ ದೂರುತ್ತಿದ್ದಳು.

ಮಾಟ ಮಾಡಿದ್ದು ಅಳಿಯನಲ್ಲ, ಒಂದು ಚಿತ್ರ. ತಮ್ಮ ಯಾವುದೋ ಹಳೇ ವಾರಪತ್ರಿಕೆಯಿಂದ ಹರಿದುಕೊಂಡು ಬಂದದ್ದು. ಅಜ್ಜಂದಿರ ಕಾಲದ ರೇಸಿನ ಕಾರು. ಮೂತಿ ಉದ್ದ, ಬಾಲ ಚೂಪು, ಮೇಲೆ ಮುಚ್ಚಿಗೆ ಇಲ್ಲ, ಬಾನೆಟ್ಟಿಗೆ ಅಡ್ಡಲಾಗಿ ಒಂದು ಚರ್ಮದ ಪಟ್ಟಿ. ನಮ್ಮವರು ಚಹಾ ಕುಡಿಯುತ್ತ ಅದನ್ನು ನೋಡಿ, ದೋಣಿಗೆ ಚಕ್ರ ಇಟ್ಟ ಹಾಗಿದೆ, ಇದರಲ್ಲೇನು ದೊಡ್ಡಸ್ತಿಕೆ, ನಾನೂ ಮಾಡಿಯೇನು ಎಂದರು. ಮಾಡಿ ನೋಡುವ ಎಂದ ತಮ್ಮ. ಇಬ್ಬರೂ ದೊಡ್ಡ ಗಂಡಸರು. ಒಬ್ಬರಿಗೆ ಕಿವಿಯ ಹತ್ತಿರ ಕೂದಲು ನೆರೆಯಲು ಶುರುವಾಗಿತ್ತು. ಆ ಸಂಜೆಯಿಂದ ನಮ್ಮ ಅಂಗಳದಲ್ಲಿ ಮೆಣಸಿನಕಾಯಿ ಒಣಗಿಸಲು ಜಾಗ ಇಲ್ಲವಾಯಿತು.

ಚೌಕಟ್ಟು ನಮ್ಮವರು ಬೆಸುಗೆ ಹಾಕಿದರು. ಅಳತೆ ತಮ್ಮನದು. ಸೀಟು ನನ್ನ ಪಾಲಿಗೆ ಬಂತು. ಕಂದು ಬಣ್ಣದ ರೆಕ್ಸಿನ್ ಹೊಲಿದು ಒಳಗೆ ತೆಂಗಿನ ನಾರು ತುಂಬಿಸಿ ಕೊಟ್ಟೆ. ಬಾನೆಟ್ಟಿನ ಪಟ್ಟಿಗೆ ಮಾವನವರ ಹಳೇ ಸೊಂಟಪಟ್ಟಿಯನ್ನು ಅತ್ತೆ ತಾವಾಗಿಯೇ ತೆಗೆದುಕೊಟ್ಟರು. ಪೆಟ್ಟಿಗೆಯಲ್ಲಿದ್ದು ಯಾರಿಗೆ ಉಪಯೋಗ ಎಂದರು. ಮಳೆ ಹಿಡಿಯುವ ಮೊದಲು ತುಕ್ಕು ಹತ್ತದಿರಲಿ ಎಂದು ಇಡೀ ಮೈಗೆ ರೆಡ್ ಆಕ್ಸೈಡ್ ಬಳಿದು, ತೆಂಗಿನ ಮಡಲಿನ ಚಪ್ಪರ ಕಟ್ಟಿ ಅದರಡಿ ನಿಲ್ಲಿಸಿದರು. ಅಲ್ಲಿಂದ ಶುರುವಾಯಿತು.

ಅತ್ತೆಗೆ ಅದೇ ಬಣ್ಣ ಎಂದು ಅನಿಸಿತ್ತು. ಮತ್ತೊಂದು ಬಣ್ಣ ಹೊಡೆಯಬೇಕು ಎಂದಾಗ ಅವರಿಗೆ ಆಶ್ಚರ್ಯ.

“ಎಂತಕ್ಕೆ ಮತ್ತೆ? ಕಾವಿ ಹೊಡ್ದ ಗೋಡೆ ಹಾಂಗೆ ಚೆಂದ ಅದೆಯಲ್ಲ,” ಎಂದರು.

ಅದು ಬಣ್ಣವಲ್ಲ, ಬಣ್ಣದ ಕೆಳಗಿನ ಬಣ್ಣ ಎಂದು ಮಗ ವಿವರಿಸಿದರೂ ಒಪ್ಪಲಿಲ್ಲ. ನಮ್ಮವರ ಲೆಕ್ಕದಲ್ಲಿ ರೇಸಿನ ಗಾಡಿ ಎಂದರೆ ಕೆಂಪು, ಹಸಿಮೆಣಸು ಹಣ್ಣಾದಾಗಿನ ಕೆಂಪು, ಮುಖ ಕಾಣುವ ಹಾಗೆ ಹೊಳೆಯಬೇಕು. ತಮ್ಮ ಇದಕ್ಕೆ ಸುತರಾಂ ತಯಾರಿರಲಿಲ್ಲ. ಹಳೇ ಕಾಲದ ಗಾಡಿ ಎಂದರೆ ಕಡು ಹಸಿರು, ಬದಿಗೆ ಬಿಳಿ ವೃತ್ತ, ವೃತ್ತದೊಳಗೆ ಅಂಕಿ ಎಂದು ಅವನ ವಾದ. ಚಿತ್ರ ನೋಡಿ ತೀರ್ಮಾನ ಮಾಡೋಣವೆಂದರೆ ಆ ಪುಟವನ್ನು ಕಂದು ಶಾಯಿಯಲ್ಲಿ ಅಚ್ಚು ಹಾಕಿದ್ದರು. ಕಾರೂ ಕಂದು, ರಸ್ತೆಯೂ ಕಂದು, ಓಡಿಸುವವನ ಮೀಸೆಯೂ ಕಂದು.

“ಭಾವ, ನೀವು ಕೆಂಪು ರೇಸ್ ಗಾಡಿ ಕಂಡದ್ದಾದ್ರೂ ಎಲ್ಲಿ?” ಎಂದು ತಮ್ಮ ಕೇಳಿದ.

“ಕ್ಯಾಲೆಂಡರಿನಲ್ಲಿ. ನೀನು ಹಸಿರು ಕಂಡದ್ದು ಎಲ್ಲಿ?”

ತಮ್ಮ ಆ ಕಂದು ಪುಟವನ್ನು ಮಡಚಿ ಕಿಸೆಗೆ ಹಾಕಿಕೊಂಡ. ಅವನೂ ಎಲ್ಲೂ ಕಂಡಿರಲಿಲ್ಲ ಎಂದು ನನಗೆ ಆಗಲೇ ಅನುಮಾನ.

ದಾರಿಯ ಬದಿಗೆ ಮನೆ ಇದ್ದರೆ ಊರೆಲ್ಲ ಮನೆಯೊಳಗೇ ಇದ್ದಂತೆ. ಬೇಲೆಕೇರಿಯಿಂದ ಮೀನು ಮಾರುತ್ತ ಬರುವ ಹೆಂಗಸು ಬುಟ್ಟಿ ಇಳಿಸಿ, ಬಂಗಡೆಯ ಮಾತಿಗಿಂತ ಮೊದಲು ಗಾಡಿಯ ಮಾತು ತೆಗೆಯುತ್ತಿದ್ದಳು. ಅವಳ ಪ್ರಕಾರ ಇದಕ್ಕೆ ದೋಣಿಯ ಬಣ್ಣವೇ ಸರಿ, ನೀಲಿ ಮೈ, ಹಳದಿ ಅಂಚು, ಮೂತಿಗೆ ಎರಡು ಕಣ್ಣು. ಕಣ್ಣಿಲ್ಲದಿದ್ದರೆ ಗಾಡಿಗೆ ದಾರಿ ಹೇಗೆ ಕಾಣಬೇಕು ಎಂದು ನಗದೆ ಕೇಳಿದಳು. ಶಾಲೆಯ ಮಾಸ್ತರರು ಸೈಕಲ್ಲು ನಿಲ್ಲಿಸಿ ಬಿಳಿ ಎಂದರು. ಹಾಲು ಕೊಡುವವರು ಕಪ್ಪು ಎಂದರು. ನನ್ನನ್ನು ಯಾರೂ ಕೇಳಲಿಲ್ಲ. ದಿನವೂ ಬಟ್ಟೆಗೆ ನೂಲು, ನೂಲಿಗೆ ಗುಂಡಿ ಹೊಂದಿಸುವುದೇ ನನ್ನ ಕೆಲಸವಾದರೂ ಅದು ಪೋಲಕಾದ ವಿಷಯ, ಇದು ಗಾಡಿಯ ವಿಷಯ ಎಂದು ಎಲ್ಲರಿಗೂ ಇತ್ತು. ನಿಜ ಹೇಳಬೇಕೆಂದರೆ ನನಗೂ ಹಾಗೇ ಇತ್ತು.

ಕೊನೆಗೆ ಇಬ್ಬರೂ ಒಂದು ಉಪಾಯಕ್ಕೆ ಬಂದರು. ಎಡಬದಿಗೆ ಕೆಂಪು ಹೊಡೆಯುವುದು, ಬಲಬದಿಗೆ ಹಸಿರು. ಒಣಗಿದ ಮೇಲೆ ಯಾವುದು ಚೆಂದವೋ ಅದನ್ನು ಉಳಿಸಿ ಇನ್ನೊಂದನ್ನು ಅಳಿಸುವುದು. ಮಳೆ ಬಿಡುವು ಕೊಟ್ಟ ಒಂದು ಭಾನುವಾರ ಭಾವ, ಭಾವಮೈದ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಆಚೆ ಒಬ್ಬರು ಈಚೆ ಒಬ್ಬರು ಕೂತು ಬಳಿದರು. ಸಂಜೆಗೆ ನೋಡಿದರೆ ಅಂಕೋಲೆ ಕಡೆಯಿಂದ ಬರುವವರಿಗೆ ನಮ್ಮ ಅಂಗಳದಲ್ಲಿ ಕೆಂಪು ಗಾಡಿ, ಬೇಲೆಕೇರಿ ಕಡೆಯಿಂದ ಬರುವವರಿಗೆ ಹಸಿರು ಗಾಡಿ. ಎರಡು ಗಾಡಿ ಇದೆಯೇ ಎಂದು ಕೇಳಿದವರೂ ಉಂಟು.

ನಗೆಯೇನೋ ಆಯಿತು. ಮರುದಿನ ಬೆಳಿಗ್ಗೆ ಬಿಸಿಲು ಓರೆಯಾಗಿ ಬಿದ್ದಾಗ ನಮ್ಮವರು ಹಲ್ಲುಜ್ಜುತ್ತ ಗಾಡಿಯ ಹತ್ತಿರ ಹೋದವರು ಅಲ್ಲೇ ನಿಂತುಬಿಟ್ಟರು. ಹೊಳೆಯುವ ಬಣ್ಣ ಇದ್ದ ಗುಟ್ಟನ್ನೆಲ್ಲ ಹೊರಗೆ ಹಾಕಿತ್ತು. ಸುತ್ತಿಗೆ ಬಿದ್ದಲ್ಲೆಲ್ಲ ಒಂದೊಂದು ಕುಳಿ, ಜೋಡಿಸಿದಲ್ಲೆಲ್ಲ ಒಂದೊಂದು ಏಣು. ಕೆಂಪಿನಲ್ಲೂ ಅಷ್ಟೇ, ಹಸಿರಿನಲ್ಲಿ ಇನ್ನೂ ಹೆಚ್ಚು. ಗಾಡಿಗೆ ಸಿಡುಬು ಎದ್ದು ಮಾಸಿದ ಹಾಗೆ ಕಾಣುತ್ತಿತ್ತು.

ಎಣ್ಣೆಡಬ್ಬಿಯ ತಗಡು ತೀರಾ ತೆಳ್ಳಗಿನದು. ಲಾರಿಯ ತಗಡಿನ ಹಾಗೆ ಏಟು ತಿಂದು ನಿಲ್ಲುವುದಿಲ್ಲ, ಒಂದು ಕಡೆ ನೇರ ಮಾಡಿದರೆ ಇನ್ನೊಂದು ಕಡೆ ಉಬ್ಬುತ್ತದೆ. ಅದನ್ನು ನಮ್ಮವರೇ ನನಗೆ ಎಷ್ಟೋ ಸಲ ಹೇಳಿದ್ದರು. ಆದರೆ ಊರವರ ನೆಗ್ಗು ತೆಗೆಯುವವನ ಅಂಗಳದಲ್ಲೇ ನೆಗ್ಗಿನ ಗಾಡಿ ನಿಂತರೆ ಆ ತಗಡಿನ ಕಥೆ ಯಾರು ಕೇಳುತ್ತಾರೆ? ಯಾರೂ ಏನೂ ಅನ್ನಲಿಲ್ಲ. ಅವರೇ ಅಂದುಕೊಂಡರು. ಅಂದು ತಿಂಡಿ ತಿನ್ನದೆ ಕೆಲಸಕ್ಕೆ ಹೋದರು.

ಮುಂದಿನ ಶನಿವಾರ ತಮ್ಮ ಬಂದವನು ನೋಡಿ, ಪುಟ್ಟಿ ತುಂಬಿಸಿ ತಿಕ್ಕಿದರೆ ಸರಿಯಾದೀತು ಎಂದ. ನಮ್ಮವರು ದಿನಾ ಗ್ಯಾರೇಜಿನಿಂದ ಬಂದು ಕತ್ತಲಾಗುವ ತನಕ ಪುಟ್ಟಿ ಮೆತ್ತಿದರು, ಮರಳು ಕಾಗದದಿಂದ ತಿಕ್ಕಿದರು. ಮೈ ಬೆಣ್ಣೆಯ ಹಾಗಾಯಿತು. ಖುಷಿಯಿಂದ ಎಂಜಿನ್ ಶುರು ಮಾಡಿ ನೋಡಿದರು. ಗಡಗಡ ನಡುಗಿದ್ದೇ ತಡ, ಹಳೇ ಗೋಡೆಯ ಗಾರೆ ಬಿದ್ದ ಹಾಗೆ ಪುಟ್ಟಿ ಹಳಕು ಹಳಕಾಗಿ ಅಂಗಳಕ್ಕೆ ಉದುರಿತು. ಅತ್ತೆ ಅದನ್ನು ಗುಡಿಸಿ ತೆಂಗಿನ ಬುಡಕ್ಕೆ ಹಾಕಿದರು. ನಮ್ಮವರು ಉಳಿದದ್ದನ್ನೂ ಕೆರೆದು ತೆಗೆದು, ಮತ್ತೆ ರೆಡ್ ಆಕ್ಸೈಡ್ ಬಳಿದು, ಸುತ್ತಿಗೆ ಒಳಗಿಟ್ಟರು. ತಮ್ಮ ಎರಡು ಶನಿವಾರ ಬರಲಿಲ್ಲ. ಚಿತ್ತಾಕುಲದಲ್ಲಿ ಅಮ್ಮನಿಗೆ ಮಾತ್ರ ಸಂತೋಷ.

ಗಾಡಿಯ ಮಾತು ಮನೆಯಲ್ಲಿ ನಿಂತೇಹೋಯಿತು. ಊಟಕ್ಕೆ ಕೂತಾಗ ಕಣ್ಣು ಅಂಗಳದ ಕಡೆ ಹೋದರೆ ಅವರು ಬೇಗ ತಿರುಗಿಸಿಕೊಳ್ಳುತ್ತಿದ್ದರು. ಅಷ್ಟು ದಿನ ಮೆಣಸಿನಕಾಯಿಗೆ ಜಾಗ ಇಲ್ಲವೆಂದು ಬೈದವಳು ನಾನೇ, ಈಗ ಆ ಸುತ್ತಿಗೆಯ ಸದ್ದು ಬೇಕು ಎನಿಸುತ್ತಿತ್ತು.

ದಾರಿ ತೆರೆದದ್ದು ಅತ್ತೆಯ ಸೀರೆಯಿಂದ. ಮಳೆ ಎಡೆಬಿಡದೆ ಹೊಡೆಯುತ್ತಿದ್ದ ವಾರ, ಬಟ್ಟೆ ಒಣಗಿಸಲು ಮಾಡಿನ ಕೆಳಗೆ ಹಗ್ಗ ಸಾಲದೆ ಅವರು ತಮ್ಮ ಮಾಸಲು ಬಣ್ಣದ ಹತ್ತಿ ಸೀರೆಯನ್ನು ಚಪ್ಪರದಡಿಯ ಗಾಡಿಯ ಮೇಲೆ ಹರವಿದ್ದರು. ನಾನು ಮಿಶಿನ್ ತುಳಿಯುತ್ತ ತಲೆ ಎತ್ತಿದೆ. ಒದ್ದೆ ಸೀರೆ ಮೈಗೆ ಅಂಟಿಕೊಂಡು ಗಾಡಿಯ ಉದ್ದ ಮೂತಿ, ಚೂಪು ಬಾಲ ಮಾತ್ರ ಕಾಣುತ್ತಿತ್ತು. ಕುಳಿಯೂ ಇಲ್ಲ, ಏಣೂ ಇಲ್ಲ. ಸೀರೆ ದಪ್ಪವೇನಲ್ಲ, ನೆಗ್ಗು ಕೆಳಗೆ ಇದ್ದೇ ಇತ್ತು. ಆದರೆ ಹೊಳಪಿಲ್ಲದ ತಿಳಿ ಬಣ್ಣಕ್ಕೆ ನೆರಳು ಅಷ್ಟಾಗಿ ಹಿಡಿಯುವುದಿಲ್ಲ. ದಪ್ಪ ತೋಳಿನವರಿಗೆ ಸ್ಯಾಟಿನ್ ಬಟ್ಟೆ ಬೇಡ ಎಂದು ನಾನು ಎಷ್ಟು ಜನರಿಗೆ ಹೇಳಿರಲಿಲ್ಲ!

ಸಂಜೆ ಅವರು ಬಂದಾಗ ಚಹಾ ಕೊಟ್ಟು, ಗಾಡಿಯ ಕಡೆ ಬೆರಳು ತೋರಿಸಿ, ಅಲ್ಲಿ ನೋಡಿ ಎಂದೆ. ಅಮ್ಮ ಸೀರೆ ಒಣಗಿಸಿದ್ದಾಳೆ ಎಂದರು. ಸೀರೆ ಅಲ್ಲ, ಗಾಡಿ ನೋಡಿ ಎಂದೆ. ಅವರು ಸುಮಾರು ಹೊತ್ತು ನೋಡಿದರು. ಎದ್ದು ಹತ್ತಿರ ಹೋಗಿ, ಸೀರೆಯ ಮೇಲಿಂದಲೇ ಬಾನೆಟ್ಟನ್ನು ಕೈಯಿಂದ ಸವರಿದರು.

“ಇಷ್ಟು ನೀಟಾಗಿ ಬಂದದೆ ಅಂತ ನಂಗೇ ಗೊತ್ತಿರಲಿಲ್ಲ,” ಎಂದರು ಮೆಲ್ಲಗೆ.

ಮಾರನೇ ದಿನ ತಮ್ಮನ ಕಚೇರಿಗೆ ಫೋನು ಮಾಡಲು ಅವರೇ ಪೇಟೆಗೆ ಹೋದರು. ಅವನನ್ನು ಕರೆಯಲು ಏನೋ ನೆಪ ಹೇಳಿದರಂತೆ. ಶನಿವಾರ ಅವನು ಕಾರವಾರದಿಂದ ಖಾಜಾ ತಿಂಡಿ ಕಟ್ಟಿಸಿಕೊಂಡು ಬಂದ. ಭಾನುವಾರ ಬೆಳಿಗ್ಗೆ ನಾನು ನನ್ನ ತುಂಡುಬಟ್ಟೆಯ ಗಂಟನ್ನು ಅಂಗಳಕ್ಕೆ ತಂದು ಬಿಚ್ಚಿದೆ. ಊರ ಹೆಂಗಸರ ಪೋಲಕಾ, ಲಂಗ, ದಿಂಬಿನ ಚೀಲ ಎಲ್ಲದರ ಉಳಿಕೆ ಅದರಲ್ಲಿತ್ತು. ದೊಡ್ಡ ತುಂಡುಗಳನ್ನು ಆರಿಸಿ ಒಂದೊಂದಾಗಿ ಗಾಡಿಗೆ ಹೊದಿಸಿ, ಬಟ್ಟೆ ಪಿನ್ನು ಸಿಕ್ಕಿಸಿದೆ. ಅತ್ತೆ, ನಮ್ಮವರು, ತಮ್ಮ ಮೂವರೂ ಜಗಲಿಯ ಮೇಲೆ ಸಾಲಾಗಿ ಕೂತರು. ಮದುವೆ ಜವಳಿಗೆ ಅಂಗಡಿಗೆ ಹೋದವರ ಮುಖವೇ ಮೂವರದ್ದೂ.

ಆಕಾಶನೀಲಿ ಹಾಕಿದೆ. ಮೀನಿನವಳಿಗೆ ಖುಷಿಯಾದೀತು, ನಮಗೆ ಬೇಡ ಎಂದರು ನಮ್ಮವರು. ಬೂದಿ ಬಣ್ಣ ಹಾಕಿದೆ. ಸರಕಾರಿ ಜೀಪು ಎಂದ ತಮ್ಮ. ತಿಳಿಗುಲಾಬಿಗೆ ಅತ್ತೆ ಬಾಯಿಗೆ ಸೆರಗು ಹಿಡಿದು ನಕ್ಕರು. ಹಸಿರು, ಕೆಂಪು ತುಂಡುಗಳನ್ನೂ ಹಾಕಿ ತೋರಿಸಿದೆ, ಬೇಕೆಂತಲೇ. ಹೊಳಪಿಲ್ಲದ ಹತ್ತಿಯಲ್ಲಿ ಎರಡೂ ಚೆನ್ನಾಗೇ ಕಾಣುತ್ತಿದ್ದವು. ಇಬ್ಬರಿಗೂ ಆಸೆ ಮತ್ತೆ ಮೊಳೆಯಿತು, ಆದರೆ ಒಬ್ಬರಿಗಾಗಿ ಒಬ್ಬರು ಬಾಯಿ ಬಿಡಲಿಲ್ಲ. ಕಡೆಗೆ ಒಂದು ಕೆನೆಬಣ್ಣದ ತುಂಡು ಬಂತು. ಸಿಪ್ಪೆ ಸುಲಿದ ಹಸಿ ಗೇರುಬೀಜದ ಬಣ್ಣ. ಹೊದಿಸಿ ದೂರ ಸರಿದೆ. ಕಂದು ರೆಕ್ಸಿನ್ ಸೀಟು, ಹಳೇ ಸೊಂಟಪಟ್ಟಿ ಎರಡೂ ಅದರ ಪಕ್ಕ ಎದ್ದು ಕಂಡವು. ಮೂವರಲ್ಲಿ ಒಬ್ಬರೂ ಮಾತಾಡಲಿಲ್ಲ. ಬಟ್ಟೆ ಅಂಗಡಿಯಲ್ಲಿ ಹೆಂಗಸರು ಹೀಗೆ ಸುಮ್ಮನಾದರೆ ಸೀರೆ ಪಾಸಾಯಿತು ಎಂದೇ ಅರ್ಥ.

“ಇದೇ ಇರ್ಲಿ. ಮನೆ ಮಗಳ ಹಾಂಗೆ ಅದೆ,” ಎಂದರು ಅತ್ತೆ.

ಬಣ್ಣ ತರಲು ನಾನೂ ತಮ್ಮನೂ ಕಾರವಾರಕ್ಕೆ ಹೋದೆವು. ನೂಲು ಹೊಂದಿಸಲು ಹೋಗುವ ಹಾಗೆ ಬಟ್ಟೆಯ ತುಂಡನ್ನು ಕೈಚೀಲದಲ್ಲಿ ಇಟ್ಟುಕೊಂಡಿದ್ದೆ. ಪೇಂಟಿನ ಅಂಗಡಿಯವರು ಅದನ್ನು ನೋಡಿ, ಬಾಯಿಯವರೇ, ಇದು ಪೇಂಟಿನ ಅಂಗಡಿ, ಮ್ಯಾಚಿಂಗ್ ಸೆಂಟರ್ ಆಚೆ ಓಣಿಯಲ್ಲಿ ಎಂದರು. ವಿಷಯ ತಿಳಿದ ಮೇಲೆ ಅವರಿಗೂ ಹುರುಪು ಬಂತು. ಬಿಳಿಗೆ ಚೂರು ಹಳದಿ, ಹಳದಿಗೆ ಕಡ್ಡಿಯ ತುದಿಯಷ್ಟು ಕಂದು ಹಾಕಿ ಕಲಸಿದರು. ಹಸಿಯಿದ್ದಾಗಿನ ಬಣ್ಣವನ್ನು ನಂಬಬಾರದು ಎಂದು ನಾನು ಹಟ ಹಿಡಿದೆ. ಅವರು ಒಂದು ಡಬ್ಬಿಯ ಮುಚ್ಚಳಕ್ಕೆ ಬಳಿದು ಬಾಗಿಲ ಹೊರಗೆ ಒಣಗಲು ಇಟ್ಟರು. ಅದು ಒಣಗುವ ತನಕ ನಾವಿಬ್ಬರೂ ಹೋಟೆಲಿಗೆ ಹೋಗಿ ಬನ್ಸು ತಿಂದು, ಕಡಲ ದಂಡೆಯ ಮೇಲೆ ಕೂತು ಬಂದೆವು. ಚಿಕ್ಕಂದಿನಲ್ಲಿ ಅಪ್ಪನ ಕೈ ಹಿಡಿದು ಬಂದು ಕೂತದ್ದು ಬಿಟ್ಟರೆ ನಾವು ಅಕ್ಕ ತಮ್ಮ ಹಾಗೆ ಕೆಲಸವಿಲ್ಲದೆ ಕೂತದ್ದು ಅದೇ. ತಮ್ಮ ತನಗೆ ನೋಡಿದ ಹುಡುಗಿಯ ವಿಷಯ ಮೊದಲ ಸಲ ಹೇಳಿದ್ದು ಅಲ್ಲೇ. ಬಾಡ ಊರಿನ ಹುಡುಗಿಯಂತೆ, ಮಾತು ಕಡಿಮೆಯಂತೆ. ಅವಳ ಪಾಲಿನ ಮಾತನ್ನೂ ನೀನೇ ಆಡುತ್ತೀಯ, ಒಳ್ಳೇ ಜೋಡಿ ಎಂದೆ.

ಮುಚ್ಚಳ ಒಣಗಿತ್ತು. ಬಟ್ಟೆಯ ಪಕ್ಕ ಹಿಡಿದು ನೋಡಿದೆವು. ಆಕಾಶದ ತುಂಬ ಮೋಡ, ಆ ಮಂಕು ಬೆಳಕಿನಲ್ಲಿ ಎರಡೂ ಒಂದೇ. ಹೊಳಪು ಬೇಡವೆಂದರೆ ಟರ್ಪಂಟೈನ್ ಸ್ವಲ್ಪ ಹೆಚ್ಚಾಗಿಯೇ ಹಾಕಿ ಎಂದು ಅಂಗಡಿಯವರು ಹೇಳಿಕೊಟ್ಟರು. ದೊಡ್ಡ ಯುದ್ಧ ಗೆದ್ದವರ ಹಾಗೆ ಡಬ್ಬಿ ಹಿಡಿದು ಬಸ್ಸು ಹತ್ತಿದೆವು.

ಮಳೆ ಪೂರ್ತಿ ಹಿಂದೆ ಸರಿದ ಮೇಲೆ ಒಂದು ದಿನ ನಮ್ಮವರು ಬಣ್ಣಕ್ಕೆ ಕೂತರು. ಉದ್ದುದ್ದ ಕೈ, ಮೂತಿಯಿಂದ ಬಾಲದ ತನಕ ಒಂದೇ ಎಳೆತ. ನಾನು ಒಳಗೆ ಅಡಿಗೆಯಲ್ಲಿದ್ದೆ. ಹೊರಗೆ ಬಂದಾಗ ಬಿಸಿಲು ಅಂಗಳದ ಕೆಂಪು ಮಣ್ಣಿಗೆ ಬಿದ್ದು, ಮಣ್ಣಿನ ಬಣ್ಣ ಗಾಡಿಗೆ ಹೊಡೆದು, ಗೇರುಬೀಜದ ಬಣ್ಣ ಎಲ್ಲಿಗೋ ಹೋಗಿತ್ತು. ಅಲ್ಲಿದ್ದದ್ದು ಶುದ್ಧ ಸೀಕರಣೆ. ನಮ್ಮ ಇಶಾಡಿ ಮಾವಿನ ಹಣ್ಣನ್ನು ಹಿಂಡಿ, ಹಾಲು ಬೆರೆಸಿ, ಬೆಲ್ಲ ಕದಡಿದರೆ ಬರುವ ಬಣ್ಣ. ಇಷ್ಟು ಹಟ ಮಾಡಿ, ಕಾರವಾರಕ್ಕೆ ಹೋಗಿ, ಒಣಗಿಸಿ ತಂದ ಬಣ್ಣ. ಈ ಮನುಷ್ಯ ಮತ್ತೆ ಸುತ್ತಿಗೆ ಒಳಗಿಟ್ಟರೆ?

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹಿತ್ತಲಿನಿಂದ ಬಂದು ನಿಂತರು. ಮೇಲಿಂದ ಕೆಳಗೆ ನೋಡಿದರು.

“ಮಗಾ, ಇದ್ಕೆ ಎರಡು ಏಲಕ್ಕಿ ಹಾಕೂದು ಮರ್ತಿದ್ಯಲ್ಲ,” ಎಂದರು ನನಗೆ.

ನಮ್ಮವರು ಬ್ರಷ್ಷು ಹಿಡಿದುಕೊಂಡೇ ನೆಲಕ್ಕೆ ಕೂತು ನಕ್ಕರು. ಮಳೆಗಾಲ ಪೂರ್ತಿ ಹಿಡಿದಿಟ್ಟುಕೊಂಡಿದ್ದ ನಗು ಅದು, ಬೇಗ ನಿಲ್ಲಲಿಲ್ಲ. ಬಣ್ಣ ಬದಲಿಸಬೇಕೇ ಎಂದು ನಾನು ಕೇಳಿದೆ. ಬೇಡ, ಹಸಿ ಗೇರುಬೀಜಕ್ಕಿಂತ ಸೀಕರಣೆ ಎಷ್ಟೋ ವಾಸಿ ಎಂದರು. ಎರಡನೇ ಕೈ ಆದ ಮೇಲೆ ಓರೆ ಬಿಸಿಲಿನಲ್ಲಿ ಎಲ್ಲರೂ ಬಗ್ಗಿ ಬಗ್ಗಿ ಹುಡುಕಿದೆವು. ಸುತ್ತಿಗೆಯ ಗುರುತು ಇಲ್ಲವೆಂದಲ್ಲ. ಆದರೆ ಅವು ಈಗ ಕೈಯಿಂದ ಮಾಡಿದ ವಸ್ತುವಿನ ಮೇಲೆ ಇರಬೇಕಾದ ಗುರುತಿನ ಹಾಗೆ, ಹುಡುಕಿದವರಿಗೆ ಮಾತ್ರ ಸಿಗುವಂತಿದ್ದವು.

ಉಳಿದದ್ದು ಕೆಂಪು, ಹಸಿರು. ಅವನ್ನು ಪೂರ್ತಿ ಬಿಟ್ಟರೆ ಇಬ್ಬರ ಹೊಟ್ಟೆಯೂ ತಣ್ಣಗಾಗುವುದಿಲ್ಲ ಎಂದು ಗೊತ್ತಿತ್ತು. ನಮ್ಮವರು ಚಕ್ರದ ಕಡ್ಡಿಗಳಿಗೆ, ರಿಮ್ಮಿಗೆ ಕೆಂಪು ಹೊಡೆದರು. ಎತ್ತಿನ ಕೋಡಿಗೆ ಬಣ್ಣ ಹಾಕಿದ ಹಾಗಾಯಿತು ಎಂದ ತಮ್ಮ. ಅದಕ್ಕೇ ಚೆಂದ ಎಂದರು ಅತ್ತೆ. ತಮ್ಮನ ಬಿಳಿ ವೃತ್ತ ಸೀಕರಣೆಯ ಮೇಲೆ ಕಾಣುವುದಿಲ್ಲವೆಂದು ವೃತ್ತವನ್ನೇ ಹಸಿರು ಮಾಡಿ, ಅಂಕಿಯನ್ನು ಬಿಳಿಯಲ್ಲಿ ಬರೆಯುವುದೆಂದಾಯಿತು. ಯಾವ ಅಂಕಿ ಎಂದು ಮತ್ತೆ ಚರ್ಚೆ. ಅತ್ತೆಗೆ ಇಂಗ್ಲಿಷ್ ಅಂಕಿ ಓದಲು ಬರುತ್ತಿರಲಿಲ್ಲ. ಬರೆಯುವುದಾದರೆ ನನಗೂ ತಿಳಿಯುವ ಹಾಗೆ ಕನ್ನಡದಲ್ಲಿ ಬರೆಯಿರಿ ಎಂದರು.

“ಮೂರು ಬರಿ. ಮೂರು ಜನ ಹುಚ್ಚರು ಸೇರಿ ಮಾಡಿದ್ದಲ್ದಾ?” ಎಂದು ಸೇರಿಸಿದರು.

ತಮ್ಮ ಹೂಂ ಎಂದು ತಲೆ ಆಡಿಸಿ, ಗಾಡಿಗೆ ಬೆನ್ನು ಅಡ್ಡ ಮಾಡಿಕೊಂಡು ಬರೆದ. ಎದ್ದು ಸರಿದಾಗ ನೋಡಿದರೆ ಹಸಿರು ವೃತ್ತದೊಳಗೆ ದುಂಡಗೆ ಗಂಟು ಹಾಕಿದ ಹಾಗೆ ೪ ಇತ್ತು. ಅತ್ತೆ ಅದನ್ನು ಓದಿದರು. ನಾಲ್ಕನೆಯವರು ಯಾರು ಎಂದು ಕೇಳಲಿಲ್ಲ. ಇವರಿಗೆಲ್ಲ ಚಹಾ ಇಡುತ್ತೇನೆ ಎಂದು ಒಳಗೆ ಹೋದರು.

ಬಣ್ಣ ಗಟ್ಟಿಯಾದ ಮೇಲೆ ಗಾಡಿಯನ್ನು ಬೇಲೆಕೇರಿಯ ದಂಡೆಗೆ ಒಯ್ದೆವು. ಇಳಿತದ ಹೊತ್ತು. ನೀರು ದೂರ ಸರಿದು ಮರಳು ಸಿಮೆಂಟಿನ ಹಾಗೆ ಗಟ್ಟಿಯಾಗಿತ್ತು. ಬಲೆ ಹೆಣೆಯುತ್ತ ಕೂತವರು ಎದ್ದು ಬಂದರು. ಮೀನಿನವಳು ಬಂದು ಸುತ್ತು ಹಾಕಿ, ಎಲ್ಲ ಸರಿ, ಕಣ್ಣೊಂದು ಇಲ್ಲ ಎಂದಳು. ಮೊದಲು ನಮ್ಮವರು ಹತ್ತಿದರು. ಎಂಜಿನ್ ಎರಡು ಸಲ ಕೆಮ್ಮಿ ಮೂರನೇ ಸಲಕ್ಕೆ ಹಿಡಿಯಿತು. ಗಾಡಿ ಹೊರಟಿತು. ಓಟ ಎಂಥದ್ದೆಂದರೆ ನಾಯಿಯೊಂದು ಪಕ್ಕದಲ್ಲಿ ಆರಾಮವಾಗಿ ಬೊಗಳುತ್ತ ಓಡುತ್ತಿತ್ತು. ಆದರೂ ನಾವೆಲ್ಲ ಕೈ ತಟ್ಟಿದೆವು.

ದಂಡೆಯ ಆ ತುದಿಗೆ ಹೋಗುತ್ತಿದ್ದಂತೆ ಒಂದು ತಮಾಷೆ ಆಯಿತು. ಸಂಜೆಯ ಬಿಸಿಲಿನಲ್ಲಿ ಮರಳೂ ಸೀಕರಣೆ, ಗಾಡಿಯೂ ಸೀಕರಣೆ. ಮೈ ಪೂರ್ತಿ ಕರಗಿ ಮಾಯವಾಯಿತು. ಕಾಣುತ್ತಿದ್ದದ್ದು ತಾವಾಗಿ ಉರುಳುವ ಕೆಂಪು ಚಕ್ರಗಳು, ಗಾಳಿಯಲ್ಲಿ ತೇಲುವ ಒಂದು ಹಸಿರು ವೃತ್ತ, ಮೇಲೆ ನನ್ನ ಗಂಡನ ತಲೆ. ಜನ ಬಿದ್ದು ಬಿದ್ದು ನಕ್ಕರು. ಮೂರು ತಿಂಗಳು ಕಿತ್ತಾಡಿ ಆರಿಸಿದ ಬಣ್ಣವೇ ಕಾಣಲಿಲ್ಲ.

ಅವರು ವಾಪಸು ಬಂದದ್ದೇ ತಮ್ಮ, ನನ್ನ ಹಸಿರು ಇಲ್ಲದಿದ್ದರೆ ನೀವು ಕಳೆದೇ ಹೋಗುತ್ತಿದ್ದಿರಿ ಭಾವ ಎಂದ. ಚಕ್ರ ಕೆಂಪಿದ್ದದ್ದಕ್ಕೆ ದಾರಿಯಲ್ಲಿದ್ದವರು ಸರಿದು ನಿಂತರು, ಇಲ್ಲದಿದ್ದರೆ ಎರಡು ಜನಕ್ಕೆ ಗುದ್ದುತ್ತಿದ್ದೆ ಎಂದು ಅವರು. ಇಬ್ಬರೂ ಗೆದ್ದರು. ನಾನು ಸುಮ್ಮನೆ ಅವರನ್ನು ಇಳಿಸಿ ಹತ್ತಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ನಾನೇ ಹೊಲಿದ ಸೀಟಿನ ಮೇಲೆ ಕೂತು, ನೀರಿನಂಚಿನ ತನಕ ಹೋಗಿ ತಿರುಗಿಸಿಕೊಂಡು ಬಂದೆ. ಸೈಕಲ್ಲೂ ಹೊಡೆಯಲು ಬಾರದವಳು ನಾನು. ಅಲೆಯೊಂದು ಚಕ್ರ ಮುಟ್ಟಿ ಹೋದಾಗ ಜೋರಾಗಿ ಕೂಗಿದೆನಂತೆ. ಹೆದರಿಕೆಗಲ್ಲ, ಇಂದಿಗೂ ಹೇಳುತ್ತೇನೆ.

ಅತ್ತೆಯನ್ನು ಹತ್ತಿಸಿದ್ದು ಕೊನೆಗೆ. ಅವರು ಓಡಿಸಲು ಒಪ್ಪಲಿಲ್ಲ. ಎಂಜಿನ್ ಬಂದ್ ಮಾಡಿ ನಾವು ಮೂವರೂ ಹಿಂದಿನಿಂದ ನೂಕಿದೆವು. ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು, ದಂಡೆಯ ಪರಿಚಯದ ಹೆಂಗಸರ ಮುಂದೆ ಹೋಗುವಾಗ ಅವರು ಯಾರ ಮುಖವನ್ನೂ ನೋಡಲಿಲ್ಲ. ಆ ತುದಿ ಮುಟ್ಟಿದಾಗ ಇಳಿಯಿರಿ ಎಂದರೆ, ಹತ್ತಿಸಿದಲ್ಲಿಗೇ ವಾಪಸು ಬಿಡುವುದು ಬೇಡವೇ ಎಂದು ಕೇಳಿದರು. ಮತ್ತೆ ನೂಕಿದೆವು.

ಮುಂದಿನ ಎರಡು ಬೇಸಿಗೆ ಗಾಡಿ ಹೀಗೇ ದಂಡೆ ಕಂಡಿತು. ಆಮೇಲೆ ತಮ್ಮನ ಮದುವೆಯಾಗಿ ಶನಿವಾರಗಳು ಅವನ ಹೆಂಡತಿಯ ಪಾಲಾದವು. ಮಾತು ಕಡಿಮೆ ಎಂದದ್ದು ಸುಳ್ಳು ಸುದ್ದಿ, ನಮ್ಮೆಲ್ಲರ ಬಾಯಿ ಮುಚ್ಚಿಸುವಷ್ಟು ಮಾತು ಅವಳಲ್ಲಿತ್ತು. ಎಂಜಿನ್ನನ್ನು ನಮ್ಮವರು ಬಿಚ್ಚಿ ಯಾರಿಗೋ ಕೊಟ್ಟರು. ಮೈ ಚಪ್ಪರದಡಿಯೇ ಉಳಿಯಿತು. ಉಪ್ಪುಗಾಳಿಗೆ ರಿವೆಟ್ಟಿನ ಸುತ್ತ ತುಕ್ಕು ಹತ್ತಿ, ಸೀಕರಣೆಗೆ ಕೇಸರಿ ದಳ ಉದುರಿಸಿದ ಹಾಗೆ ಕಾಣುತ್ತಿತ್ತು.

ಒಂದು ದಿನ ನೋಡಿದರೆ ಸೀಟಿನ ಮೇಲೆ ನಮ್ಮ ಕರಿ ಕೋಳಿ ಕಾವಿಗೆ ಕೂತಿತ್ತು. ರೆಕ್ಸಿನ್ ಕುಕ್ಕಿ ನಾರು ಹೊರಗೆಳೆದು ಒಳ್ಳೇ ಗೂಡು ಮಾಡಿಕೊಂಡಿತ್ತು. ನಾನು ಓಡಿಸಲು ಹೋದೆ. ಅತ್ತೆ ಜಗಲಿಯಿಂದಲೇ ತಡೆದರು, ಮರಿಯಾಗುವ ತನಕ ಯಾರೂ ಗಾಡಿ ಮುಟ್ಟಬಾರದು ಎಂದರು. ಅವರು ಅದನ್ನು ಡಬ್ಬಿ ಎನ್ನದೆ ಗಾಡಿ ಎಂದದ್ದು ಅದೇ ಮೊದಲು. ಆ ಮಾತನ್ನು ನಾನು ಎತ್ತಿ ತೋರಿಸಲು ಹೋಗಲಿಲ್ಲ. ಒಂದು ಹಿಡಿ ನುಚ್ಚು ತಂದು ಬಾನೆಟ್ಟಿನ ಮೇಲೆ ಉದುರಿಸಿ ಬಂದೆ.